ಕೌದಿಯ ಮೂಲೆಯ ರೊಟ್ಟಿ

ಅವ್ವಾ,

ಇವತ್ತು ಮಧ್ಯಾಹ್ನ ಭಾಗ್ಯಶ್ರೀ ನಿನ್ನ ಹಳೆಯ ಇಳಕಲ್ ಸೀರೆಗಳ ಕೌದಿ ಹೊದ್ದು ಮಲಗಿದಳು. ಎದೆ ಸುಂಯ್‌ಗುಡಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ, ಹತ್ತಿರ ಹೋಗಿ ಮತ್ತೆ ಕೇಳಿಸಿಕೊಂಡೆ.

ಬೊಮ್ಮಸಂದ್ರದ ಆ ಮನೆಯಲ್ಲಿ ಮಗಳಿಗೆ ಉಬ್ಬಸ ಶುರುವಾದಾಗ ನಾವು ಈ ಕೌದಿಯನ್ನೇ ದೂರಿದೆವು. ಕೌದಿ ಹಸಿದಿರಬಾರದೆಂದು ನೀನು ಮೂಲೆಯಲ್ಲಿಟ್ಟು ಹೊಲಿದಿದ್ದ ರೊಟ್ಟಿಚೂರನ್ನು ನನ್ನ ಗಂಡ, "ಇದರಾಗ ಹುಳ ಆಗ್ತಾವು" ಎಂದು ಬಿಚ್ಚಿ ಎಸೆದರು. ನೀನು ನೋಡುತ್ತ ಕೂತಿದ್ದೆ. ಕೌದಿ ಟ್ರಂಕು ಸೇರಿತು. ಆದರೂ ಉಬ್ಬಸ ನಿಲ್ಲಲಿಲ್ಲ, ನೀನು ತೀರಿಕೊಂಡ ಮೇಲೂ ಹಾಗೇ ಇತ್ತು.

ಕೊನೆಗೆ ಒಬ್ಬ ಡಾಕ್ಟರಮ್ಮ, "ಮನೆ ಪಕ್ಕ ಏನಿದೆ?" ಎಂದು ಕೇಳಿದರು. ಕಾರ್ಖಾನೆಯ ಡೀಸೆಲ್ ಜನರೇಟರ್ ನಮ್ಮ ಕಿಟಕಿಗೇ ಹೊಗೆ ಉಗುಳುತ್ತದೆ ಎಂದೆ.

"ಧೂಳಿನ ಅಲರ್ಜಿ ಇದೆ, ಆದ್ರೆ ಸ್ವಲ್ಪಾನೇ ಕಣಮ್ಮ. ಆ ಹೊಗೆಯ ಸಣ್ಣ ಸಣ್ಣ ಕಣ ಒಳಗೆ ಹೋಗಿ ಅದನ್ನ ಕೆರಳಿಸ್ತಿದೆ. ಮೊದ್ಲು ಆ ಮನೆ ಬಿಡಿ."

ಹೆಬ್ಬಗೋಡಿಯ ಒಳಬೀದಿಗೆ ಬಂದೆವು. ಚಳಿಗಾಲವೂ ಕಳೆಯಿತು, ಮಗಳು ಕೆಮ್ಮಲಿಲ್ಲ. ಡಾಕ್ಟರಮ್ಮನನ್ನು ಕೇಳಿಕೊಂಡೇ ಕೌದಿಯನ್ನು ಬಿಸಿನೀರಿನಲ್ಲಿ ಒಗೆದು, ತಾರಸಿಯ ಬಿಸಿಲಿಗೆ ಹಾಕಿ ತಂದೆ.

ನಿದ್ದೆಯಿಂದ ಎದ್ದವಳೇ ಭಾಗ್ಯಶ್ರೀ, "ಯವ್ವಾ, ಇಲ್ಲಿ ಹೊಲಿಗಿ ಬಿಚ್ಚೇತಿ ನೋಡು" ಅಂದಳು.

ಅವಳ ಅಪ್ಪ ಸೂಜಿಗೆ ದಾರ ಪೋಣಿಸಿಕೊಟ್ಟರು. ನಾನು ಗರಿಗರಿಯಾಗಿ ಒಣಗಿದ ಕಟಿರೊಟ್ಟಿಯ ಚೂರೊಂದನ್ನು ಮುರಿದು ಆ ಮೂಲೆಯಲ್ಲಿಟ್ಟು ಹೊಲಿದೆ. ನಿನ್ನಷ್ಟು ನೇರ ಬಂದಿಲ್ಲ ಹೊಲಿಗೆ. ಆದರೆ ಕೌದಿ ಈಗ ಹಸಿದಿಲ್ಲ, ಅವ್ವಾ.

ಮಹಾನಂದಾ