ಪಾಂಡುರಂಗ ಸರ್ ಹೇಳಿದ್ದು

ಓಬಳರಾಜು,

ಕಳಿಸುವ ಧೈರ್ಯವಿಲ್ಲದಿದ್ದರೂ ಈ ಪತ್ರ ಬರೆಯುತ್ತಿದ್ದೇನೆ. ಕ್ರಿಕೆಟ್ ಸ್ಪಿನ್ನರ್ ಪಾಂಡುರಂಗ ಸರ್ ತೀರಿಕೊಂಡದ್ದು ನಿನಗೂ ಗೊತ್ತಾಗಿರುತ್ತದೆ. ಇವತ್ತು ಪಾವಗಡದ ಮೈದಾನದಲ್ಲಿ ಅಭಿಮಾನಿಗಳೆಲ್ಲ ಸೇರಿ ಅವರ ಫೋಟೋಗೆ ಹಾರ ಹಾಕಿದೆವು. ತಲೆ ನೆರೆತವರೂ ಅತ್ತರು. ನನಗೆ ಅಳುವಷ್ಟೂ ತ್ರಾಣವಿರಲಿಲ್ಲ.

ನಾವು ಹುಡುಗರಾಗಿದ್ದಾಗ ಅವರು ನಮ್ಮೂರಿಗೆ ಬಂದಿದ್ದರಲ್ಲ, ಆಗ ನಾನು ಊರ ಟೀಮಿನ ಕ್ಯಾಪ್ಟನ್ ಆಗಿದ್ದೆನೆಂದು ಮೈಕು ಕೈಗೆ ಕೊಟ್ಟರು. ನಿನ್ನ ಬೌಲಿಂಗ್ ನೋಡಲು ಅವರು ಕುರ್ಚಿಯಿಂದ ಎದ್ದು ಪಿಚ್ಚಿನವರೆಗೂ ನಡೆದು ಬಂದದ್ದನ್ನು ಹೇಳಿದೆ. ಮುಂದೆ ಕೂತಿದ್ದ ನಿನ್ನ ಮಗಳು ಮಧುಶ್ರೀ ಎದ್ದು ನಿಂತಳು.

"ಆಮ್ಯಾಕೆ ಏನಂದ್ರು ಜಯಣ್ಣ ಮಾಮ? ಅಪ್ಪ ವಳ್ಳೂರಾಗೆ ಸೋಲಾರ್ ಪಾರ್ಕ್ ಡ್ಯೂಟಿ ಬುಟ್ಟು ಬರಕ್ಕಾಗ್ಲಿಲ್ಲ. ನಾನೋಗಿ ಹೇಳ್ಬೇಕು."

"ಏನೂ ಅನ್ಲಿಲ್ಲ ಕಣಮ್ಮ. ಸುಮ್ಕೆ ನೋಡ್ತಾ ನಿಂತಿದ್ರು," ಎಂದೆ.

"ಈ ಹುಡುಗನನ್ನು ಸೋಮವಾರ ಬೆಂಗಳೂರಿಗೆ ಕರೆದುಕೊಂಡು ಬಾ" ಎಂದು ಅವರು ಅವತ್ತು ನನಗೊಬ್ಬನಿಗೇ ಹೇಳಿದ್ದರು. ನಾನೂ ಸ್ಪಿನ್ ಹಾಕುತ್ತಿದ್ದೆನಲ್ಲ, ಆ ಸೋಮವಾರ ಒಬ್ಬನೇ ಬಸ್ ಹತ್ತಿದೆ. "ಅವನೆಲ್ಲಿ?" ಎಂದು ಕೇಳಿದರು. ನಿನಗೆ ಆಟದಲ್ಲಿ ಆಸಕ್ತಿಯಿಲ್ಲ ಎಂದುಬಿಟ್ಟೆ.

ಸಭೆ ಮುಗಿದ ಮೇಲೆ ಮಧುಶ್ರೀ ಹತ್ತಿರ ಬಂದಳು.

"ಇಷ್ಟು ಜನದ ಮುಂದೆ ಅಪ್ಪನ ಹೆಸ್ರು ಹೇಳಿದ್ರಲ್ಲ ಮಾಮ, ಅಪ್ಪಂಗೆ ಅಷ್ಟೇ ಸಾಕು," ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು.

ನಾನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.