ಸೂಲಗಿತ್ತಿಗೆ ಪುಲ್ಲಿಂಗ ಇಲ್ಲವಂತೆ!

ನರ್ಸಿಂಗ್ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ಗಂಡು ಹುಡುಗ ಎಂಬ ಕಾರಣಕ್ಕೆ ನನ್ನ ಸೋದರಳಿಯನನ್ನು ನೀವು ಹೆರಿಗೆ ವಾರ್ಡಿನೊಳಗೆ ಬಿಡುತ್ತಿಲ್ಲ. ಹೆರಿಗೆ ವಾರ್ಡಿನಲ್ಲಿ ಕೆಲಸ ಕಲಿತಿಲ್ಲ ಎಂಬ ಕಾರಣಕ್ಕೆ ಕೊನೆಯ ವರ್ಷದ ಪರೀಕ್ಷೆಗೂ ಕೂರಿಸುವುದಿಲ್ಲ ಎನ್ನುತ್ತಿದ್ದೀರಿ. ಎರಡೂ ಆದೇಶಗಳ ಕೆಳಗಿರುವುದು ನಿಮ್ಮದೇ ಸಹಿ. ಈ ಸಂಗತಿಯನ್ನು ನನಗೆ ಮೊದಲು ಹೇಳಿದವಳು ನನ್ನ ತಂಗಿ, ಹೋದ ಭಾನುವಾರ ಸಂಜೆ, ಮಗನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಾ. “ಅಣ್ಣಾ, ಇವನ ಬಟ್ಟೆಗೆ ಇಸ್ತ್ರಿ ಹಾಕೋದೇ ದಂಡ ಕಣೋ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತೂ ಕೂತೂ ಎಲ್ಲಾ ಮುದುರಿಸ್ಕೊಂಡು ಬರ್ತಾನೆ” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ನಾನೂ ನಿಲ್ಲಿಸಿದೆ.

ಈ ಹುಡುಗ ನಿಮಗೆ ಅಪರಿಚಿತನೇನಲ್ಲ. ಬಿ.ಎಸ್ಸಿ. ನರ್ಸಿಂಗಿಗೆ ಅರ್ಜಿ ಹಾಕುತ್ತೇನೆ ಎಂದಾಗ ನೆಂಟರೆಲ್ಲ, “ಹೋಗೀ ಹೋಗೀ ದಾದಿ ಆಗ್ತೀಯೇನೋ?” ಎಂದು ಅವನ ಕಾಲೆಳೆದಿದ್ದರು. ಸಂದರ್ಶನದಲ್ಲಿ ನೀವೂ ಕೇಳಿದಿರಿ, ನರ್ಸಿಂಗೇ ಯಾಕಪ್ಪಾ ಎಂದು. “ಅಜ್ಜಿ ಹಾಸಿಗೆ ಹಿಡಿದಾಗ ನೋವಾಗದ ಹಾಗೆ ಮಗ್ಗುಲು ಬದಲಿಸೋದು ಮನೇಲಿ ಯಾರಿಗೂ ಬರ್ತಿರಲಿಲ್ಲ ಸಾರ್. ನಾನು ಕಲಿತೆ, ಇಷ್ಟ ಆಯ್ತು” ಎಂದ. ನೀವು ಮೆಚ್ಚಿ ಸೀಟು ಕೊಟ್ಟಿರಿ. ಅಷ್ಟೇ ಅಲ್ಲ, ಕಾಲೇಜಿನ ಪರಿಚಯ ಪುಸ್ತಕದ ಮುಖಪುಟಕ್ಕೆ ಅವನದೇ ಫೋಟೋ ಹಾಕಿಸಿದಿರಿ. ಅದರಲ್ಲಿ ಅವನು ಹಸುಗೂಸನ್ನು ಎತ್ತಿಕೊಂಡು ನಗುತ್ತಿದ್ದಾನೆ. ಕೂಸು ರಬ್ಬರಿನದು. ಅಂದರೆ ಬೊಂಬೆಯನ್ನು ಎತ್ತಿಕೊಳ್ಳಲು ಅವನು ಯೋಗ್ಯ, ಅಳುವ ಮಗುವನ್ನು ಎತ್ತಿಕೊಳ್ಳಲು ಅಲ್ಲ. ಹೀಗೆಂದು ಮುಖಪುಟದಲ್ಲೇ ಅಚ್ಚು ಹಾಕಿಸಿದ್ದರೆ ಅವನು ಬೇರೆ ಕಾಲೇಜಿನ ಬಾಗಿಲನ್ನಾದರೂ ತಟ್ಟುತ್ತಿದ್ದ.

ಉಳಿದ ವಾರ್ಡುಗಳಲ್ಲಿ ಅವನನ್ನು ಏನೆಂದು ಕರೆಯುತ್ತಾರೆ ಗೊತ್ತೇ? ಸಿಸ್ಟರಣ್ಣ! ನರ್ಸ್ ಎಂದರೆ ಸಿಸ್ಟರ್, ಗಂಡು ಹುಡುಗನೆಂದರೆ ಅಣ್ಣ, ಎರಡನ್ನೂ ಸೇರಿಸಿ ರೋಗಿಗಳೇ ಕಟ್ಟಿದ ಪದ. “ಸಿಸ್ಟರಣ್ಣಾ, ಸೂಜಿ ಸ್ವಲ್ಪ ಮೆಲ್ಲಗೆ ಚುಚ್ಚಪ್ಪಾ” ಎಂದು ಅಜ್ಜಂದಿರೂ ಗೋಗರೆಯುತ್ತಾರೆ. ಯಾರಿಗೂ ಭಾಷೆ ಅಡ್ಡಬರಲಿಲ್ಲ. ಬಂದದ್ದು ನಿಮಗೊಬ್ಬರಿಗೇ.

ಸೋಮವಾರ ನಾನು ನಿಮ್ಮ ಕೋಣೆಗೆ ಬಂದಿದ್ದೆ, ನೆನಪಿರಬಹುದು. ನೀವು ಕನ್ನಡಕ ಒರೆಸುತ್ತಾ, “ನೋಡಿ ಯಜಮಾನ್ರೇ, ಸೂಲಗಿತ್ತಿ ಅನ್ನೋ ಪದಕ್ಕೆ ಪುಲ್ಲಿಂಗ ಇದೆಯಾ? ಭಾಷೆನೇ ಒಪ್ಪಿಲ್ಲ, ನಾನು ಹೇಗೆ ಒಪ್ಪಲಿ?” ಎಂದಿರಿ. ನಾನು ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ, ಉತ್ತರ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಸ್ವಾಮೀ, ನೀವು ನಡೆಸುತ್ತಿರುವುದು ನರ್ಸಿಂಗ್ ಕಾಲೇಜೋ, ವ್ಯಾಕರಣದ ಪಾಠಶಾಲೆಯೋ? ಅದೇ ವಾರ್ಡಿಗೆ ದಿನವೂ ಹೋಗುವ ಡಾಕ್ಟರು ಯಾವ ಲಿಂಗ? ಫ್ಯಾನು ಕೆಟ್ಟಾಗ ಏಣಿ ಹೊತ್ತು ಒಳಹೋಗುವ ಎಲೆಕ್ಟ್ರಿಷಿಯನ್ ನಪುಂಸಕಲಿಂಗವೇ? ನಾಳೆ ಕೆಲಸಕ್ಕೆ ಸೇರಿದ ಊರಿನಲ್ಲಿ, ಡಾಕ್ಟರು ಬರುವ ಮೊದಲೇ ಹೆರಿಗೆಯಾಗುವಂತಿದ್ದರೆ, ಇವನು ಆ ತಾಯಿಯ ಪಕ್ಕ ನಿಂತು ಏನು ಮಾಡಬೇಕು? ನಿಘಂಟು ತೆರೆಯಬೇಕೇ?

ಹೆಂಗಸರಿಗೆ ಸಂಕೋಚವಾಗುತ್ತದೆ ಎಂದೂ ಹೇಳಿದಿರಿ. ಅದು ನಿಜವಿರಬಹುದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಹೆಂಗಸರನ್ನು ಯಾರು ಕೇಳಿದರು? ನೀವು ಕೇಳಲಿಲ್ಲ, ನಾನು ಕೇಳಿದೆ. ಬುಧವಾರ ಅಳಿಯನ ಜೊತೆ ಅದೇ ಬೆಂಚಿನ ಮೇಲೆ ಕೂತೆ. ತಪಾಸಣೆಗೆ ಬಂದಿದ್ದ ಬಸುರಿಯರಿಗೂ ಅವರ ಅತ್ತೆ, ಅಮ್ಮಂದಿರಿಗೂ ನಿಮ್ಮ ಲಿಂಗವಿಚಾರವನ್ನು ಕಥೆ ಮಾಡಿ ಹೇಳಿದೆ. ಕೇಳಿ ನಕ್ಕರು. ಒಬ್ಬ ಅತ್ತೆ ಮಾತ್ರ, “ಏನೇ ಹೇಳಿ, ಅಲ್ಲಿ ಗಂಡಸು ನಿಂತ್ಕೊಳ್ಳೋದು ನನಗೆ ಸರಿಬರಲ್ಲ” ಎಂದರು.

ಪಕ್ಕದಲ್ಲಿದ್ದ ಸೊಸೆ ಬಿಡಲಿಲ್ಲ. “ಹೋದ ಸಲ ಹೊಲಿಗೆ ಹಾಕಿದ ಡಾಕ್ಟ್ರು ಗಂಡಸೇ ಅಲ್ವಾ ಅತ್ತೆ?”

“ಅವರು ಡಾಕ್ಟ್ರು ಕಣೇ!”

“ಐದು ನಿಮಿಷ ಬಂದ್ರು, ಹೋದ್ರು. ಜೊತೆಗಿದ್ದು ಬೆನ್ನು ನೀವೋರು ಬೇಕಾಗಿತ್ತು ನನಗೆ.”

“ನಿನ್ನ ಗಂಡನ್ನ ಕರೀಬೇಕಿತ್ತು.”

“ಕರೆದೆವಲ್ಲ! ಬಾಗಿಲಲ್ಲೇ ತಲೆ ಸುತ್ತಿ ಬಿದ್ರಲ್ಲ, ಅವರಿಗೇ ಗ್ಲೂಕೋಸ್ ಹಾಕಿದ್ರು.”

ಬೆಂಚು ಅಲುಗಾಡುವಷ್ಟು ನಗು. ಅತ್ತೆಯೂ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬಾಗಿಲಿಗೆ ಹಾಕಿರುವ ಆದೇಶವನ್ನು ತೆಗೆಸಿ. ಒಳಗಿರುವ ತಾಯಿಯನ್ನು ಕೇಳಿ. ಅವಳು ಹೂಂ ಎಂದರೆ ಹುಡುಗ ಒಳಗೆ ಹೋಗಲಿ, ಊಹೂಂ ಎಂದರೆ ಹೊರಗಿರಲಿ. ಪರೀಕ್ಷೆಗೆ ಮುಂಚೆ ಅವನು ಕಲಿಯಬೇಕಾದದ್ದನ್ನು ಕಲಿಯಲು ಬಿಡಿ. ಕಲಿಸದೆ ಫೇಲು ಮಾಡುವುದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ. ಈ ಪತ್ರ ಪ್ರಕಟಿಸುವ ಪತ್ರಿಕೆಯವರೂ ಅದನ್ನು ಅಚ್ಚು ಹಾಕಲಾರರು.

ಇನ್ನು ಕಥೆ ಕೇಳಿದವರ ವಿಷಯ. ಗುರುವಾರ ಬೆಳಗ್ಗೆಯೂ ನಾನು ಅಳಿಯನ ಜೊತೆ ಅದೇ ಬೆಂಚಿನ ಮೇಲಿದ್ದೆ. ಆ ವಾರವೇ ದಿನ ತುಂಬಲಿದ್ದವರು ತಾವಾಗಿಯೇ ವಾರ್ಡಿನ ಹಿರಿಯ ನರ್ಸಮ್ಮನ ಬಳಿ ಹೋದರು. ನನ್ನ ಹೆರಿಗೆಗೆ ಅವನು ಇರಲಿ ಎಂದು ಆ ಸೊಸೆ ಹೇಳಿದಳು, ಬೇರೆ ಕೆಲವರೂ ಹೇಳಿದರು. “ಪ್ರಾಂಶುಪಾಲರು ಒಂದು ಮಾತು ಹೇಳಲಿ, ನಾನೇ ಕೈಹಿಡಿದು ಕಲಿಸ್ತೀನಿ” ಎಂದರು ನರ್ಸಮ್ಮ. ಚೊಚ್ಚಲ ಬಸುರಿಯೊಬ್ಬಳು ಮಾತ್ರ ಹುಡುಗನ ಹತ್ತಿರವೇ ಬಂದು, “ನನಗೆ ಬೇಡಪ್ಪಾ, ನಾಚಿಕೆ ಆಗತ್ತೆ. ಬೇಜಾರು ಮಾಡ್ಕೋಬೇಡ” ಎಂದಳು. “ಆಯ್ತಕ್ಕಾ” ಎಂದು ಎದ್ದು ನಿಂತು, ಅವಳಿಗೆ ಕೂರಲು ಜಾಗ ಬಿಟ್ಟುಕೊಟ್ಟ. ಆಮೇಲೆ ನನ್ನ ಕಡೆ ತಿರುಗಿದ ಅವನ ಮುಖದಲ್ಲಿ ನಗುವಿತ್ತು. “ಮಾವಾ, ಇಷ್ಟು ದಿನ ಬೇಡ ಅಂತಿದ್ದಿದ್ದು ಬಾಗಿಲು. ಇವತ್ತು ಒಬ್ರು ಮನುಷ್ಯರು ಬಂದು ಹೇಳಿದ್ರು” ಎಂದ.

ಇಂತಿ,
ನಿಮ್ಮೆದುರು ಬಾಯಿ ಬಾರದೆ ಎದ್ದು ಬಂದು, ಈಗ ಊರೆಲ್ಲ ಓದುವಂತೆ ಬರೆಯುತ್ತಿರುವ,
ವಿದ್ಯಾರ್ಥಿಯೊಬ್ಬನ ಸೋದರಮಾವ