ಎಲ್ಡರ್‌ಮಿಯರ್ ನಕ್ಷೆಯಲ್ಲಿ ನಾನು ಬಿಟ್ಟ ಆರು ಗುಡಿಸಲು

ಪರಂಪರೆ ಮತ್ತು ಗ್ರಂಥಾಲಯ ವಿಭಾಗದ ಮುಖ್ಯಸ್ಥರಿಗೆ,
ಎಲ್ಡರ್‌ಮಿಯರ್ ನಗರಸಭೆ, ಪರ್ತ್

ಮಾನ್ಯರೇ,

ತಾವು ಕಳೆದ ವರ್ಷ ಪ್ರಕಟಿಸಿದ 'ನಮ್ಮ ಎಲ್ಡರ್‌ಮಿಯರ್: ಇತಿಹಾಸ ಮತ್ತು ಭೂಗೋಳ' ಎಂಬ ಪುಸ್ತಿಕೆಯ ಹನ್ನೆರಡನೆಯ ಪುಟದಲ್ಲಿರುವ ನಕ್ಷೆ ಸುಳ್ಳು. ಅದು ಸುಳ್ಳೆಂದು ತಮಗೆ ಗೊತ್ತು. ನನಗೆ ಇನ್ನೂ ಚೆನ್ನಾಗಿ ಗೊತ್ತು, ಏಕೆಂದರೆ ಅದನ್ನು ಬರೆದವನು ನಾನು. ಆ ನಕ್ಷೆಯನ್ನೇ ಮುಂದಿಟ್ಟು ತಾವು ಕೆರೆಯ ದಂಡೆಯಲ್ಲಿ ಹನ್ನೊಂದು ಮರಗಳನ್ನು ಕಡಿಸಿದಿರಿ. ಉಳಿದ ಐದನ್ನು ಕಡಿಯುವ ಮುನ್ನ ಈ ಪತ್ರವನ್ನು ಓದಬೇಕೆಂದು ಕೋರುತ್ತೇನೆ.

ಇದರ ಇಂಗ್ಲಿಷ್ ಪ್ರತಿ ಸೋಮವಾರವೇ ತಮ್ಮ ಕಚೇರಿಗೆ ತಲುಪಿದೆ. ಹಾಗಿದ್ದೂ ಕನ್ನಡದಲ್ಲಿ ಯಾಕೆ ಬರೆದು ನಮ್ಮ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆಂದು ತಾವು ಕೇಳಬಹುದು. ತಮ್ಮ ಪುಸ್ತಿಕೆ ಐದು ಭಾಷೆಗಳಲ್ಲಿ ಬಂದಿದೆ, ಅದರ ಕನ್ನಡವೂ ನನ್ನದೇ. ಸುಳ್ಳನ್ನು ನನ್ನ ಭಾಷೆಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಬರೆದವನು ತಪ್ಪೊಪ್ಪಿಗೆಯನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆದು ಬಚಾವಾಗುವುದು ಸರಿಯಲ್ಲ. ಇದರಿಂದ ಲಾಭವಾದದ್ದು ನಮ್ಮವರಿಗೆ. ಅವರು ಓದಲಿ.

ಮೊದಲು ಪುಸ್ತಿಕೆಯ ವಿಷಯ. ಮೂವತ್ತೆರಡು ಪುಟಗಳಲ್ಲಿ ಒಂಬತ್ತು ಪುಟ ಇಂಗ್ಲೆಂಡಿನ ಮೂಲ ಎಲ್ಡರ್‌ಮಿಯರ್‌ಗೆ ಮೀಸಲು. ಇಲ್ಲಿ ಮೊದಲ ನಿವೇಶನಗಳನ್ನು ಹಂಚಿದ ಮಹನೀಯರು ಆ ಊರಿನವರು, ಹೆಸರನ್ನು ಅಲ್ಲಿಂದಲೇ ತಂದರು, ಒಪ್ಪೋಣ. ಅಲ್ಲಿಯ ಕಾಲುವೆ ಎಷ್ಟು ಮೈಲಿ, ಮಗ್ಗಗಳು ಎಷ್ಟು, ರೈಲು ಯಾವ ವರ್ಷ ಬಂತು, ಚರ್ಚಿನ ಗೋಪುರಕ್ಕೆ ಸಿಡಿಲು ಬಡಿದಾಗ ಗಂಟೆ ಯಾವ ಕಡೆಗೆ ಬಿತ್ತು ಎಂಬುದಕ್ಕೂ ಜಾಗ ಸಿಕ್ಕಿದೆ. ಭೂಗೋಳದ ಆ ತುದಿಯಲ್ಲಿ ಬಿದ್ದ ಗಂಟೆಯ ದಿಕ್ಕು ನಮಗೆ ಗೊತ್ತು. ನಮ್ಮ ಕಾಲ ಕೆಳಗಿನ ನೆಲದ ಬಗ್ಗೆ ಮಾತ್ರ ಒಂದೇ ಸಾಲು: 'ಇದಕ್ಕೂ ಮೊದಲು ಇಲ್ಲಿ ಜೌಗು ಇತ್ತು.' ಜೌಗು ಇತ್ತು! ಅದರ ದಂಡೆಯಲ್ಲಿ ಯಾರೂ ನೀರು ಕುಡಿಯಲಿಲ್ಲವೇ? ಯಾರೂ ಬಟ್ಟೆ ಒಗೆಯಲಿಲ್ಲವೇ? ಯಾವ ಮಗುವೂ ಹುಟ್ಟಲಿಲ್ಲವೇ? ಆ ಸಾಲನ್ನು ಕನ್ನಡಕ್ಕೆ ತಂದಾಗ 'ಜೌಗು' ಸರಿಯೋ 'ಕೆಸರು ಭೂಮಿ' ಸರಿಯೋ ಎಂದು ಅರ್ಧ ದಿನ ಯೋಚಿಸಿದ ಪಂಡಿತ ನಾನು.

ನನ್ನ ಪರಿಚಯ ತಮಗೆ ಬೇಕಿಲ್ಲ, ಓದುಗರಿಗೆ ಬೇಕು. ಪರ್ತಿಗೆ ಬರುವ ಮುಂಚೆ ಒಂಬತ್ತು ವರ್ಷ ಹರಿಹರ ತಾಲೂಕಿನಲ್ಲಿ ಸರ್ಕಾರಿ ಸರ್ವೆಯರ್ ಆಗಿದ್ದೆ. ಇಲ್ಲಿಗೆ ಬಂದು ಗಣಿ ಕಂಪನಿಯೊಂದರಲ್ಲಿ ಇಪ್ಪತ್ತಮೂರು ವರ್ಷ ನಕ್ಷೆ ಬರೆದು ನಿವೃತ್ತನಾದೆ. ನನಗೆ ಅಳತೆಯ ಚೈನು ಹಿಡಿಯುವುದನ್ನು ಕಲಿಸಿದವರು ಈಶ್ವರಪ್ಪ ಎಂಬ ಹಿರಿಯ ಸರ್ವೆಯರ್. ಮೊದಲ ದಿನವೇ ಅವರು ಹೇಳಿದ್ದರು: "ನೋಡಪ್ಪಾ, ಹೊಲ ಯಾರದ್ದು ಅಂತ ತೀರ್ಮಾನ ಮಾಡೋದು ನಮ್ಮ ಕೆಲಸ ಅಲ್ಲ. ಕಂಡದ್ದು ಬರಿ. ಬೇಲಿ ಕಂಡ್ರೆ ಬೇಲಿ, ಬಾವಿ ಕಂಡ್ರೆ ಬಾವಿ, ಗೋರಿ ಕಂಡ್ರೆ ಗೋರಿ. ಬಿಟ್ಟರೆ ಯಾರದೋ ಮನೆ ಮುರೀತೀಯ." ನಾನು ಆ ಮಾತನ್ನು ಎಷ್ಟೋ ಜನರಿಗೆ ಹೆಮ್ಮೆಯಿಂದ ಹೇಳಿದ್ದೇನೆ. ತಮಗೂ ಒಮ್ಮೆ ಹೇಳಿದ್ದೆ, ತಾವು ನಕ್ಕಿದ್ದಿರಿ.

ಎರಡು ಚಳಿಗಾಲಗಳ ಹಿಂದೆ ತಾವೇ ನನ್ನನ್ನು ಹುಡುಕಿಕೊಂಡು ಬಂದಿರಿ. ಪುಸ್ತಿಕೆಗೆ ಹಳೆಯ ಕಾಲದ ಒಂದು ನಕ್ಷೆ ಬೇಕು, ಸ್ವಯಂಸೇವಕರಾಗಿ ಬರೆದುಕೊಡುತ್ತೀರಾ ಎಂದಿರಿ. ಆಗ ನಾನು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ನಮ್ಮ ಭಾನುವಾರದ ಕನ್ನಡ ಶಾಲೆ ಏಳು ವರ್ಷಗಳಲ್ಲಿ ಐದು ಕಡೆ ಅಲೆದಿತ್ತು. ಒಮ್ಮೆ ಸ್ಕೌಟ್ ಶೆಡ್ಡು, ಒಮ್ಮೆ ವಿಲೆಟನ್‌ನಲ್ಲಿ ಯಾರದೋ ಗ್ಯಾರೇಜು. ಕೆರೆಯ ಪಕ್ಕದಲ್ಲಿ ತಾವು ಕಟ್ಟಿಸಲಿದ್ದ ಸಮುದಾಯ ಭವನದಲ್ಲಿ ನಮಗೊಂದು ಖಾಯಂ ಕೋಣೆ ಸಿಕ್ಕರೆ ಸಾಕು ಎಂದು ಅರ್ಜಿ ಹಾಕಿದ್ದೆವು. ಆ ಅರ್ಜಿಯೂ ತಮ್ಮ ಮೇಜಿನ ಮೇಲೆಯೇ ಇತ್ತು.

ನಕ್ಷೆಗಾಗಿ ನಾನು ದಾಖಲೆಗಳ ಕಚೇರಿಗೆ ಹೋಗಿ ಮೂರು ವಾರ ಕೂತೆ. ಅಲ್ಲಿ ಸಾವಿರದ ಒಂಬೈನೂರ ಇಪ್ಪತ್ತಾರನೆಯ ಇಸವಿಯ ಒಂದು ಅಳತೆ ಪುಸ್ತಕ ಸಿಕ್ಕಿತು. ಸರ್ವೆಯರ್ ಸ್ಥಳದಲ್ಲೇ ನಿಂತು ಪೆನ್ಸಿಲಿನಲ್ಲಿ ಬರೆಯುವ ಪುಸ್ತಕ. ನಲವತ್ತೊಂದನೆಯ ಹಾಳೆಯಲ್ಲಿ ನಮ್ಮ ಕೆರೆ. ಪೂರ್ವದ ದಂಡೆಯಲ್ಲಿ ಆರು ಪುಟ್ಟ ಚೌಕ, ಒಂದು ಸೊನ್ನೆ, ಹಲವಾರು ಮರದ ಗುರುತು. ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರ: 'ಮೂಲನಿವಾಸಿಗಳ ಬಿಡಾರ, ಆರು ಗುಡಿಸಲು, ಬಾವಿ.' ನೂರು ವರ್ಷಗಳ ಹಿಂದಿನ ಆ ಅಪರಿಚಿತ ಸರ್ವೆಯರ್ ಕಂಡದ್ದನ್ನು ಬರೆದಿದ್ದ. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಎದ್ದು ನಿಂತುಬಿಟ್ಟೆ. ಹಾಳೆಯ ಜೆರಾಕ್ಸ್ ಮಾಡಿಸಿಕೊಂಡು ನೇರ ತಮ್ಮ ಕೋಣೆಗೆ ಬಂದೆ.

ತಾವು ಅದನ್ನು ನೋಡಿದಿರಿ. ಬಹಳ ಹೊತ್ತು ನೋಡಿದಿರಿ. ಆಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟು, "ಇದು ಬರೀ ಪೆನ್ಸಿಲ್ ಗುರುತು, ರುದ್ರ. ಅಚ್ಚಾದ ನಕ್ಷೆಯಲ್ಲಿ ಇಲ್ಲ ಅಲ್ವಾ?" ಎಂದಿರಿ.

"ಅಚ್ಚಾದ ನಕ್ಷೆ ಮಾಡೋವಾಗ ಬಿಟ್ಟಿದ್ದಾರೆ. ಸ್ಥಳದಲ್ಲಿ ಇತ್ತು," ಎಂದೆ.

"ಹಾಗಾದ್ರೆ ನಾವೂ ಅಚ್ಚಾದದ್ದನ್ನೇ ಅನುಸರಿಸೋಣ. ನೀಟಾದ ನಕ್ಷೆ ಸಾಕು. ಇದು ಹೊರಗೆ ಬಂದ್ರೆ ಪರಿಶೀಲನೆ, ವರದಿ, ಎರಡು ವರ್ಷ ಭವನದ ಕೆಲಸವೇ ನಿಂತುಹೋಗುತ್ತೆ. ನಿಮ್ಮ ಮಕ್ಕಳ ಕ್ಲಾಸೂ ಅದರ ಜೊತೆಗೇ."

ತಾವು ಬೆದರಿಸಲಿಲ್ಲ. ಅದನ್ನು ನಾನು ಪ್ರಾಮಾಣಿಕವಾಗಿ ಹೇಳಬೇಕು. ಕಾಫಿ ತರಿಸಿಕೊಟ್ಟಿರಿ. ನಾನು ಕುಡಿದೆ. ಮನೆಗೆ ಬಂದು ಹೆಂಡತಿ ರಂಜನಿಗೆ ಹೇಳಿದಾಗ ಅವಳು, "ಮತ್ತೆ ಏನ್ ಮಾಡ್ತೀರಿ?" ಎಂದಳು. "ಪೆನ್ಸಿಲ್ ಗುರುತು ತಾನೇ," ಎಂದೆ. ತಮ್ಮ ಮಾತನ್ನು ನನ್ನದೇ ಮಾತಿನಂತೆ ಆಡಲು ನನಗೆ ಒಂದು ಸಂಜೆಯೂ ಬೇಕಾಗಲಿಲ್ಲ. ಆ ವಾರ ನಕ್ಷೆ ಮುಗಿಸಿದೆ. ಕೆರೆಯ ಪೂರ್ವ ದಂಡೆಗೆ ತೆಳುವಾದ ಹಸಿರು ಬಣ್ಣ ಹಚ್ಚಿದೆ. ಚೆನ್ನಾಗಿ ಬಂದಿತ್ತು.

ಆಮೇಲೆ ಗ್ರಂಥಾಲಯದಲ್ಲಿ ಸಾರ್ವಜನಿಕ ಸಭೆ ಕರೆದಿರಿ. ನಲವತ್ತು ಜನ ಬಂದಿದ್ದರು, ಅರ್ಧ ನಮ್ಮ ಸಂಘದವರೇ. ಹಿಂದಿನ ಸಾಲಿನಿಂದ ಒಬ್ಬ ವೃದ್ಧೆ ಎದ್ದು ನಿಂತರು. ಹೆಸರು ಮರ್ಲ್. ಇಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಸಮುದಾಯದ ಹಿರಿಯರು, ಎಪ್ಪತ್ತೆಂಟು ವರ್ಷ. ಅವರ ಜನ ಹಿರಿಯ ಹೆಂಗಸರನ್ನು ಆಂಟಿ ಎನ್ನುತ್ತಾರೆ, ನಾವೂ ಹಾಗೇ ಎನ್ನುತ್ತೇವೆ. ಅದಕ್ಕೆ ಮರ್ಲ್ ಆಂಟಿ ಎಂದೇ ಬರೆಯುತ್ತೇನೆ. ಅವರ ಕೈಯಲ್ಲಿ ಒಂದು ಫೋಟೋ ಇತ್ತು. ಕಾಗದದ ಪದರಗಳಂತೆ ತೊಗಟೆ ಸುಲಿಯುವ ಪೇಪರ್‌ಬಾರ್ಕ್ ಮರಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿರುವ ಹೆಂಗಸು, ಅವರ ಅಜ್ಜಿ.

"ನನ್ನ ತಾಯಿ ಆ ಮರಗಳ ಕೆಳಗೆ ಹುಟ್ಟಿದ್ದು," ಎಂದರು. "ಆಕೆಗೆ ಹದಿನಾಲ್ಕು ತುಂಬಿದಾಗ ಸರ್ಕಾರದವರು ಲಾರಿ ತಂದು ಎಲ್ಲರನ್ನೂ ಹತ್ತಿಸಿಕೊಂಡು ಹೋದರು. ಭವನ ಕಟ್ಟಿ, ನಾನು ಬೇಡ ಅನ್ನಲ್ಲ. ಕಾರು ನಿಲ್ಲಿಸೋ ಜಾಗ ಮಾತ್ರ ಆ ಕಡೆ ಸರಿಸಿ. ಮರ ಬಿಡಿ."

ತಾವು ಬಹಳ ಗೌರವದಿಂದ ಕೇಳಿಸಿಕೊಂಡಿರಿ. ಫೋಟೋದಲ್ಲಿ ಸ್ಥಳ ಯಾವುದೆಂದು ಖಚಿತವಾಗುವುದಿಲ್ಲ ಎಂದು ವಿಷಾದಿಸಿದಿರಿ. ಆಮೇಲೆ ನನ್ನ ಕಡೆ ಕೈ ತೋರಿಸಿ, "ನಮ್ಮ ನಕ್ಷೆ ತಜ್ಞರು ಮೂರು ವಾರ ಹುಡುಕಿದ್ದಾರೆ. ಬಿಡಾರದ ದಾಖಲೆ ಏನಾದರೂ ಸಿಕ್ಕಿತೇ?" ಎಂದು ಕೇಳಿದಿರಿ.

ನಾನು ಎದ್ದು ನಿಂತೆ. "ನಾನು ನೋಡಿದ ಯಾವ ಅಚ್ಚಾದ ನಕ್ಷೆಯಲ್ಲೂ ಅಂಥದ್ದೇನೂ ಇಲ್ಲ," ಎಂದೆ.

'ಅಚ್ಚಾದ' ಎಂಬ ಪದವನ್ನು ಎಷ್ಟು ಎಚ್ಚರಿಕೆಯಿಂದ ಸೇರಿಸಿದ್ದೆ ನೋಡಿ! ಸುಳ್ಳು ಹೇಳದೆಯೇ ಸುಳ್ಳು ಹೇಳುವ ಕಲೆ ಸರ್ಕಾರಿ ಕಾಗದಪತ್ರ ಓದಿದವರಿಗೆ ಚೆನ್ನಾಗಿ ಬರುತ್ತದೆ. ಮರ್ಲ್ ಆಂಟಿ ನನ್ನನ್ನೇ ನೋಡಿದರು. ಕೋಪವಿರಲಿಲ್ಲ. ನನ್ನ ಬಣ್ಣ ಕಂಡು, ನನ್ನ ಉಚ್ಚಾರಣೆ ಕೇಳಿ ಅವರು ಬೇರೆ ಏನನ್ನೋ ನಿರೀಕ್ಷಿಸಿದ್ದರೆಂದು ನನಗೆ ಅನಿಸಿತು. ಫೋಟೋವನ್ನು ಕವರಿಗೆ ಹಾಕಿಕೊಂಡು ಕೂತರು. ನಮ್ಮ ಸಂಘದವರು ಚಪ್ಪಾಳೆ ತಟ್ಟಿದರು, ನನಗೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಹನ್ನೊಂದು ಮರಗಳು ಹೋದವು. ಎರಡೇ ದಿನದ ಕೆಲಸ. ನಾನು ಹೋಗಿ ನೋಡಲಿಲ್ಲ. ಈಗ ಅಲ್ಲಿ ನಲವತ್ತು ಕಾರು ನಿಲ್ಲುತ್ತವೆ. ಭಾನುವಾರ ಬೆಳಿಗ್ಗೆ ಅವುಗಳಲ್ಲಿ ಮೂವತ್ತು ನಮ್ಮವರವು. ಹೊಸ ಭವನದೊಳಗೆ ನಮಗೆ ಸಿಕ್ಕ ಎಸಿ ಕೋಣೆಯಲ್ಲಿ ಮಕ್ಕಳು ಅ ಆ ಇ ಈ ತಿದ್ದುತ್ತಾರೆ. ಅಜ್ಜಿ ಮಾತಾಡುವ ಭಾಷೆ ಮಕ್ಕಳಿಗೆ ಉಳಿಯಲಿ ಎಂಬುದೇ ಆ ಶಾಲೆಯ ಉದ್ದೇಶ. ಯಾರ ಅಜ್ಜಿಯ ಬಿಡಾರದ ಮೇಲೆ ಕಾರು ನಿಲ್ಲಿಸಿ ಬಂದಿದ್ದೇವೆಂದು ಯಾವ ಪಾಠದಲ್ಲೂ ಬರುವುದಿಲ್ಲ.

ಬಯಲಾದದ್ದು ಮನೆಯಲ್ಲಿ. ನನ್ನ ಮಗಳು ವೇದಾ ಅದೇ ಶಾಲೆಯಲ್ಲಿ ಕಲಿಸುತ್ತಾಳೆ. ಮಕ್ಕಳಿಗೆ ಊರಿನ ನಕ್ಷೆ ತೋರಿಸಲೆಂದು ನನ್ನ ಕಡತ ಬಿಚ್ಚಿದವಳಿಗೆ ಆ ಜೆರಾಕ್ಸ್ ಸಿಕ್ಕಿತು. ಅಡುಗೆಮನೆಗೆ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

"ಅಪ್ಪ, ಇದರ ಮೇಲೆ ಕಾಪಿ ತೆಗೆಸಿದ ಡೇಟ್ ಇದೆ. ಮೀಟಿಂಗಿಗೆ ಮುಂಚೇನೇ ನಿಮ್ಹತ್ರ ಇತ್ತಾ?"

"ಇತ್ತು."

"ಆ ಆಂಟಿ ನಿಂತ್ಕೊಂಡು ಕೇಳ್ತಿದ್ರಲ್ಲ, ಆಗ್ಲೂ ಇತ್ತಾ?"

"ಇತ್ತಮ್ಮ. ಕ್ಲಾಸಿಗೆ ಜಾಗ ಬೇಕಿತ್ತಲ್ಲ..."

"ನಮ್ಮ ಹೆಸರು ಹೇಳ್ಬೇಡಿ ಅಪ್ಪ," ಎಂದಳು. "ನಾವ್ಯಾರೂ ನಿಮಗೆ ಹೀಗ್ ಮಾಡಿ ಅಂತ ಹೇಳಿರ್ಲಿಲ್ಲ."

ರಂಜನಿ ಒಲೆಯ ಕಡೆಯಿಂದ ತಿರುಗಲಿಲ್ಲ. ನಾನು ಮುಚ್ಚಿಟ್ಟದ್ದರಲ್ಲಿ ತನ್ನ ಪಾಲೂ ಇತ್ತೆಂದು ಅವಳಿಗೆ ಅನಿಸಿರಬೇಕು. ಇಲ್ಲ, ಅದು ಪೂರ್ತಿ ನನ್ನದೇ.

ಮುಂದಿನ ವಾರ ವಿಳಾಸ ಹುಡುಕಿಕೊಂಡು ಮರ್ಲ್ ಆಂಟಿಯ ಮನೆಗೆ ಹೋದೆ. ವರಾಂಡದಲ್ಲಿ ಕೂತಿದ್ದರು. ಒಳಗೆ ಕರೆಯಲಿಲ್ಲ, ಕುರ್ಚಿ ಮಾತ್ರ ತೋರಿಸಿದರು. ಜೆರಾಕ್ಸನ್ನು ಅವರ ಕೈಗೆ ಕೊಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಆರು ಚೌಕಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು.

"ಬಾವಿಯ ಪಕ್ಕದ್ದು ನಮ್ಮದು," ಎಂದರು. "ಅಮ್ಮ ಯಾವಾಗಲೂ ಹೇಳ್ತಿದ್ದಳು, ಬಾವಿಯ ಪಕ್ಕ ಅಂತ. ನನ್ನ ಅಣ್ಣ ನಂಬ್ತಿರಲಿಲ್ಲ."

ನನಗೆ ಅಳು ಬಂತು. ಕ್ಷಮಿಸಿ ಎಂದೆ. ಅವರು ಕನ್ನಡಕ ತೆಗೆದರು.

"ನೀನು ಅಳೋಕೆ ಇಲ್ಲಿಗೆ ಬಂದೆಯಾ? ನಾನೇ ಸಮಾಧಾನ ಮಾಡಬೇಕಾ ನಿನ್ನ? ಅವತ್ತು ನಲವತ್ತು ಜನರ ಮುಂದೆ ಇಲ್ಲ ಅಂದೆ. ಇದೆ ಅನ್ನೋದನ್ನ ನನ್ನ ವರಾಂಡದಲ್ಲಿ ಹೇಳ್ತೀಯ. ನನಗೆ ಮೊದಲೇ ಗೊತ್ತಿತ್ತಲ್ಲಪ್ಪ. ಗೊತ್ತಿಲ್ಲದವರಿಗೆ ಹೋಗಿ ಹೇಳು."

ಹೇಳುವ ಮುನ್ನ ನಮ್ಮ ಸಂಘದ ಅಧ್ಯಕ್ಷ ಕೌಸ್ತುಭ್‌ಗೆ ತಿಳಿಸುವುದು ಧರ್ಮವೆನಿಸಿತು. ಪೆಟ್ರೋಲ್ ತುಂಬಿಸಿಕೊಳ್ಳಲು ನಿಂತಿದ್ದ ಬಂಕಿನಲ್ಲೇ ಸಿಕ್ಕ. ಒಳ್ಳೆಯ ಹುಡುಗ, ಶಾಲೆಗಾಗಿ ಬಹಳ ದುಡಿದಿದ್ದಾನೆ. "ಅಂಕಲ್, ಮರ ಹೋಗ್ಬಿಟ್ಟಿದೆ, ಇನ್ನು ಬರಲ್ಲ. ಈಗ ಹೇಳಿದ್ರೆ ನಮ್ ರೂಮೂ ಹೋಗುತ್ತೆ. ಅರವತ್ತು ಮಕ್ಕಳು ಅಂಕಲ್," ಎಂದ. ಒಂದು ಕಾಲದಲ್ಲಿ ನಾನೇ ಆಡಿದ ಮಾತನ್ನು ಅವನು ಆಡುತ್ತಿದ್ದ. ಮರುದಿನ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟೆ. ಹಾಗಾಗಿ ಈ ಪತ್ರದ ಹೊಣೆ ಸಂಘದ್ದಲ್ಲ. ತಾವು ಸಿಟ್ಟು ತೀರಿಸಿಕೊಳ್ಳುವುದಿದ್ದರೆ ಅರವತ್ತು ಮಕ್ಕಳ ಮೇಲೆ ಬೇಡ, ನಾನಿದ್ದೇನೆ.

ಈಗ ತಾವು ಎರಡನೆಯ ಹಂತದ ಕಾಮಗಾರಿ ಪ್ರಕಟಿಸಿದ್ದೀರಿ. ಉಳಿದ ಐದು ಪೇಪರ್‌ಬಾರ್ಕ್ ಮರಗಳ ಜಾಗದಲ್ಲಿ ಮಕ್ಕಳು ಆಟದ ದೋಣಿ ಹತ್ತಲು ಒಂದು ಕಟ್ಟೆ. ಅದಕ್ಕೆ ಆಧಾರವೆಂದು ತಮ್ಮ ಪ್ರಕಟಣೆ ತೋರಿಸುವುದು ನನ್ನದೇ ನಕ್ಷೆಯನ್ನು: 'ಸ್ಥಳದಲ್ಲಿ ಹಿಂದೆ ಯಾವುದೇ ವಸತಿ ಇರಲಿಲ್ಲ.' ಅಚ್ಚಾದ ನಕ್ಷೆಯೇ ಪ್ರಮಾಣವೆಂದಿರಿ, ಈಗ ನನ್ನದೂ ಅಚ್ಚಾಗಿ ಪ್ರಮಾಣವಾಗಿಬಿಟ್ಟಿದೆ. ಇನ್ನು ನೂರು ವರ್ಷದ ಮೇಲೆ ಯಾರೋ ಇದನ್ನೇ ತೆಗೆದು ತೋರಿಸಿ, ನೋಡಿ, ಏನೂ ಇರಲಿಲ್ಲ ಎನ್ನುತ್ತಾರೆ. ಅಲ್ಲವೇ?

ಆದ್ದರಿಂದ ಬೇಡುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಪುಸ್ತಿಕೆಯನ್ನು ಐದೂ ಭಾಷೆಗಳಲ್ಲಿ ಹಿಂತೆಗೆದುಕೊಳ್ಳಿ. ಅಳತೆ ಪುಸ್ತಕದ ನಲವತ್ತೊಂದನೆಯ ಹಾಳೆಯನ್ನು ಹಾಗೇ ಅಚ್ಚು ಹಾಕಿ, ನಾನು ಅದನ್ನು ಕಂಡೂ ಮುಚ್ಚಿಟ್ಟೆನೆಂದು ಅದರ ಕೆಳಗೆ ಬರೆಯಿರಿ. ಮರ್ಲ್ ಆಂಟಿ ಮತ್ತು ಅವರ ಜನರ ಎದುರು ಕೂತು ಮಾತಾಡುವವರೆಗೆ ಆ ಐದು ಮರಗಳ ಹತ್ತಿರ ಯಂತ್ರ ಸುಳಿಯಬಾರದು. ಭವನದಲ್ಲಿ ಯಾರು ಇರಬೇಕು, ಅದರ ಅಂಗಳಕ್ಕೆ ಏನೆಂದು ಹೆಸರಿಡಬೇಕು ಎಂಬುದನ್ನು ಅವರನ್ನು ಕೇಳಿ. ನಮ್ಮ ಕೋಣೆ ಹೋಗುವುದಾದರೆ ಹೋಗಲಿ ಎಂದು ಹೇಳುವ ಹಕ್ಕು ಈಗ ನನಗಿಲ್ಲ, ಆದರೂ ಹೇಳುತ್ತೇನೆ.

ಬರುವ ಮಂಗಳವಾರ ನಗರಸಭೆಯ ಸಭೆಯಿದೆ. ಸಾರ್ವಜನಿಕರಿಗೆ ಮೂರು ನಿಮಿಷ ಮಾತಾಡಲು ಅವಕಾಶವಿದೆ. ನಾನು ಹೆಸರು ಕೊಟ್ಟಿದ್ದೇನೆ. ಮರ್ಲ್ ಆಂಟಿಗೂ ಫೋನ್ ಮಾಡಿ ತಿಳಿಸಿದೆ. ಬರುತ್ತೇನೆ ಎಂದರು. ನನ್ನ ಪಕ್ಕದಲ್ಲಿ ಕೂರುವುದಿಲ್ಲ ಎಂದೂ ಹೇಳಿದರು.

ಇಂತಿ,
ಇನ್ನು ತಮ್ಮ ಸ್ವಯಂಸೇವಕನಾಗಿ ಇರಲಾರದ,
ಬೇರೆ ಯಾರ ಪರವಾಗಿಯೂ ರುಜು ಮಾಡಲು ಮುಖವಿಲ್ಲದ,
ಶಿವರುದ್ರಪ್ಪ
ಎಲ್ಡರ್‌ಮಿಯರ್, ಪರ್ತ್